ವೃತ್ತಿ ಬದಲಾದರೆ ವಿದ್ಯೆ ವ್ಯರ್ಥವೇ?

ನಮ್ಮ ಅಜ್ಜಂದಿರ ಕಾಲದಲ್ಲಿ ವೃತ್ತಿಯೆಂಬುದು ಮನುಷ್ಯನು ಆರಿಸಿಕೊಳ್ಳುವ ವಸ್ತುವಾಗಿರಲಿಲ್ಲ. ಬಹುಮಟ್ಟಿಗೆ ಅದು ಹುಟ್ಟಿದ ಮನೆಯೊಡನೆಯೇ ಬರುತ್ತಿತ್ತು. ಬೆಟಗೇರಿಯ ನೇಕಾರನ ಮಗನು ಕುಣಿಮಗ್ಗದ ಅಂಚಿನಲ್ಲಿ ಕುಳಿತು ಲಾಳಿಯ ಸಪ್ಪಳವನ್ನು ಕೇಳುತ್ತಲೇ ಬೆಳೆಯುತ್ತಿದ್ದನು. ಮಗಳು ಕಂಡಿಕೆ ಸುತ್ತುತ್ತ ನೂಲಿನ ಗುಣವನ್ನು ಅರಿಯುತ್ತಿದ್ದಳು. ಮುಂಡರಗಿ ಸೀಮೆಯ ರೈತನ ಮಗನು ಕೂರಿಗೆಯ ಹಿಂದೆ ನಡೆಯುತ್ತ ಬಿತ್ತನೆಯನ್ನು ಕಲಿಯುತ್ತಿದ್ದನು. ಹೀಗೆ ಕಲಿತ ವಿದ್ಯೆ ಕೊನೆಯವರೆಗೂ ಅನ್ನ ಹಾಕುತ್ತಿತ್ತು.

ಈಗಿನ ಸ್ಥಿತಿ ಹಾಗಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಕಾಲೇಜುಗಳಲ್ಲಿ ಇಂದು ಓದುತ್ತಿರುವ ವಿದ್ಯಾರ್ಥಿಯು ತನ್ನ ಜೀವಮಾನದಲ್ಲಿ ಎರಡು ಮೂರು ಬಾರಿಯಾದರೂ ಕೆಲಸದ ಸ್ವರೂಪವನ್ನು ಬದಲಿಸಬೇಕಾಗಿ ಬರಬಹುದು. ಇದರಿಂದ ಎರಡು ಬಗೆಯ ಭಯಗಳು ಹುಟ್ಟಿವೆ. ಹತ್ತನೆಯ ತರಗತಿಯ ಬಳಿಕ ಆರಿಸಿಕೊಂಡ ಶಾಖೆ ತಪ್ಪಾದರೆ ಬಾಳೇ ಕೆಟ್ಟಿತೆಂಬುದು ಎಳೆಯರ ಭಯ. ಇಷ್ಟು ವರ್ಷ ಕಲಿತುದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೆಂಬುದು ಕೆಲಸ ಕಳೆದುಕೊಂಡ ಹಿರಿಯರ ಭಯ. ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ಕೆಲಸವು ಬದಲಾದಾಗ ಕಲಿತ ಕೌಶಲದ ಗತಿಯೇನು? ಈ ಪ್ರಶ್ನೆಯನ್ನು ಮನಶ್ಶಾಸ್ತ್ರವು ಒಂದು ಶತಮಾನಕ್ಕೂ ಮಿಕ್ಕಿ ಪರಿಶೀಲಿಸಿದೆ. ಅದರ ಉತ್ತರವನ್ನು ನಮ್ಮ ಸುತ್ತಲಿನ ನಿದರ್ಶನಗಳಿಂದಲೇ ತಿಳಿಯಬಹುದು.

ಮುದ್ರಣಾಲಯದ ಪಾಠ

ಗದಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರುಂಟು. ಪಠ್ಯಪುಸ್ತಕ, ನಾಟಕ, ಪುರಾಣ, ಪಂಚಾಂಗ, ಕ್ಯಾಲೆಂಡರುಗಳು ಇಲ್ಲಿಯ ಮುದ್ರಣಾಲಯಗಳಿಂದ ನಾಡಿನ ಮೂಲೆಮೂಲೆಗೆ ಹೋಗುತ್ತಿದ್ದುವು. ಆ ಕಾಲದ ಮುದ್ರಣಾಲಯದಲ್ಲಿ ಎಲ್ಲಕ್ಕೂ ಮೊದಲಿನ ಕೆಲಸ ಅಚ್ಚುಮೊಳೆ ಜೋಡಿಸುವವನದು. ಸೀಸ, ಆಂಟಿಮನಿ, ತವರ ಈ ಮೂರರ ಮಿಶ್ರಲೋಹದಿಂದ ಎರಕಹೊಯ್ದ ಮೊಳೆಗಳು ಅವನೆದುರಿನ ಕೇಸಿನ ಖಾನೆಗಳಲ್ಲಿ ತುಂಬಿರುತ್ತಿದ್ದುವು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳಿರುವುದರಿಂದ ಇಂಗ್ಲಿಷಿಗಿಂತ ಬಹಳ ಹೆಚ್ಚು ಖಾನೆಗಳು ಬೇಕಾಗುತ್ತಿದ್ದುವು. ಜೋಡಿಸುವವನು ಕಣ್ಣನ್ನು ಹಸ್ತಪ್ರತಿಯ ಮೇಲಿಟ್ಟು, ಖಾನೆಯನ್ನು ನೋಡದೆಯೇ ಕೈಯಿಂದ ಮೊಳೆಯನ್ನು ಹೆಕ್ಕಿ ತೆಗೆಯುತ್ತಿದ್ದನು. ಮೊಳೆಯ ಮೇಲಿನ ಅಕ್ಷರವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುವುದರಿಂದ ಅದನ್ನು ಹಾಗೆಯೇ ಓದುವ ಅಭ್ಯಾಸವೂ ಅವನಿಗೆ ಬೇಕಾಗಿತ್ತು.

ಈ ಕೆಲಸವು ಮೊದಲು ಆಫ್‌ಸೆಟ್ ಮುದ್ರಣದಿಂದಲೂ, ಬಳಿಕ ಗಣಕಯಂತ್ರದಿಂದಲೂ ಮರೆಯಾಯಿತು. ನೀರೂ ಎಣ್ಣೆಯ ಅಂಶವುಳ್ಳ ಶಾಯಿಯೂ ಒಂದಕ್ಕೊಂದು ಬೆರೆಯುವುದಿಲ್ಲವೆಂಬ ತತ್ತ್ವದ ಮೇಲೆ ನಡೆಯುವ ಆಫ್‌ಸೆಟ್ ಮುದ್ರಣಕ್ಕೆ ಉಬ್ಬಿದ ಮೊಳೆಯೇ ಬೇಕಾಗಿಲ್ಲ. ಪುಟದ ಚಿತ್ರವೊಂದಿದ್ದರೆ ಸಾಕು. ಆ ಚಿತ್ರವನ್ನು ಗಣಕಯಂತ್ರದಲ್ಲಿಯೇ ಸಿದ್ಧಪಡಿಸುವುದು ಸಾಧ್ಯವಾದ ಮೇಲೆ ಕೇಸುಗಳು ಉಗ್ರಾಣ ಸೇರಿದುವು, ಮೊಳೆಗಳು ಕರಗಿದ ಲೋಹವಾಗಿ ಮಾರಾಟವಾದುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಸ್ತ್ರೀ’ ಎಂಬ ಅಕ್ಷರವನ್ನು ಮೊಳೆಗಳಲ್ಲಿ ಕಟ್ಟುವವನು ಆಕಾರವನ್ನು ಕುರಿತು ಯೋಚಿಸುತ್ತಿದ್ದನು: ಮೇಲಿನ ಅಕ್ಷರ ಯಾವುದು, ಕೆಳಗಿನ ಒತ್ತು ಯಾವುದು, ದೀರ್ಘದ ಚಿಹ್ನೆ ಎಲ್ಲಿ ಎಂದು. ಮುದ್ರಣ ಹಾಗೂ ಅಕ್ಷರವಿನ್ಯಾಸದ ಕ್ಷೇತ್ರದಲ್ಲಿ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಾದರೋ ಅದೇ ಅಕ್ಷರವನ್ನು ಉಚ್ಚಾರಣೆಯ ಕ್ರಮದಲ್ಲಿ, ಸಕಾರ ತಕಾರ ರೇಫ ಈಕಾರಗಳೆಂದು, ಒತ್ತುತ್ತ ಹೋಗಬೇಕು. ಆಕಾರವನ್ನು ಕೂಡಿಸುವ ಹೊಣೆ ಯಂತ್ರದ್ದು. ‘ನುಡಿ’ ತಂತ್ರಾಂಶದ ಕೀಲಿಮಣೆಗೂ ಇದೇ ಆಧಾರ. ಅಂದರೆ ಕೈಗೂ ಕಣ್ಣಿಗೂ ಇದ್ದ ಹಳೆಯ ಸಂಬಂಧ ಇಲ್ಲಿ ಪೂರ್ತಿಯಾಗಿ ಕಡಿದುಹೋಯಿತು. ಆದರೆ ಕಾಗುಣಿತದ ಜ್ಞಾನ ಹೋಗಲಿಲ್ಲ. ಸಾಲಿನ ನಡುವೆ ಎಷ್ಟು ತೆರಪು ಬೇಕು, ಅಂಚು ಎಷ್ಟಿರಬೇಕು, ಶೀರ್ಷಿಕೆಗೆ ಎಷ್ಟು ದಪ್ಪದ ಅಕ್ಷರ ಒಪ್ಪುತ್ತದೆ, ಕರಡಿನಲ್ಲಿ ತಪ್ಪು ಎಲ್ಲಿ ಅಡಗುತ್ತದೆ ಎಂಬ ವಿವೇಕವೂ ಹೋಗಲಿಲ್ಲ. ಬೆರಳಿಗೆ ಅಂಟಿದ್ದ ವಿದ್ಯೆ ಹೋಯಿತು; ಪುಟವನ್ನು ಕುರಿತ ವಿದ್ಯೆ ಉಳಿಯಿತು.

ಕೌಶಲದ ಅಂಶಗಳು

ಅಮೆರಿಕೆಯ ಮನಶ್ಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಇವರು 1901ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದ ಮೇಲೆ ಮೊದಲ ಬಾರಿಗೆ ಸ್ಪಷ್ಟವಾದ ಬೆಳಕು ಚೆಲ್ಲಿದುವು. ಲ್ಯಾಟಿನ್ ವ್ಯಾಕರಣವನ್ನೋ ರೇಖಾಗಣಿತವನ್ನೋ ಕಲಿತರೆ ಬುದ್ಧಿಯೇ ಹರಿತವಾಗಿ, ಮುಂದೆ ಯಾವ ಕೆಲಸವನ್ನಾದರೂ ಚೆನ್ನಾಗಿ ಮಾಡಬಹುದೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಇವರು ಕೆಲವರಿಗೆ ಕಾಗದದ ಆಯತಗಳ ವಿಸ್ತೀರ್ಣವನ್ನು ಕಣ್ಣಳತೆಯಿಂದ ಹೇಳುವುದನ್ನು ಅಭ್ಯಾಸ ಮಾಡಿಸಿದರು. ಆ ಆಯತಗಳಲ್ಲಿ ಅವರು ನಿಪುಣರಾದರು. ಆದರೆ ಬೇರೆ ಆಕಾರದ, ಬೇರೆ ಗಾತ್ರದ ಕಾಗದಗಳನ್ನು ಕೊಟ್ಟಾಗ ಆ ನೈಪುಣ್ಯದ ಅಲ್ಪಭಾಗ ಮಾತ್ರ ಉಪಯೋಗಕ್ಕೆ ಬಂದಿತು.

ಇದರಿಂದ ಅವರು ‘ಸಮಾನಾಂಶ ಸಿದ್ಧಾಂತ’ವನ್ನು ಮಂಡಿಸಿದರು. ಒಂದು ಕೆಲಸದಲ್ಲಿ ಕಲಿತುದು ಮತ್ತೊಂದಕ್ಕೆ ಸಲ್ಲುವುದು ಆ ಎರಡು ಕೆಲಸಗಳಲ್ಲಿಯೂ ಇರುವ ಸಮಾನವಾದ ಅಂಶಗಳ ಮಟ್ಟಿಗೆ ಮಾತ್ರ. ಇದನ್ನು ಶಾಸ್ತ್ರದಲ್ಲಿ ‘ಕಲಿಕೆಯ ವರ್ಗಾವಣೆ’ ಎನ್ನುತ್ತಾರೆ. ಮುಂದಿನ ಸಂಶೋಧಕರು ಈ ಸಿದ್ಧಾಂತವನ್ನು ತಿದ್ದಿ ವಿಸ್ತರಿಸಿದ್ದಾರೆ. ಹೊರಗಿನ ಅಂಶಗಳಷ್ಟೇ ಅಲ್ಲದೆ, ಕೆಲಸದ ಹಿಂದಿನ ತತ್ತ್ವವನ್ನು ತಿಳಿದು ಕಲಿತರೆ ವರ್ಗಾವಣೆ ಹೆಚ್ಚುವುದೆಂದು ತೋರಿಸಿದ್ದಾರೆ. ಆದರೂ ಮೂಲದ ಮಾತು ಇಂದಿಗೂ ಸಲ್ಲುತ್ತದೆ. ಅದರಲ್ಲಿ ಎಚ್ಚರಿಕೆಯೂ ಇದೆ, ಸಮಾಧಾನವೂ ಇದೆ. ‘ನಾನು ಬುದ್ಧಿವಂತ, ಯಾವ ಕೆಲಸವಾದರೂ ಬಂದೀತು’ ಎನ್ನುವವನಿಗೆ ಎಚ್ಚರಿಕೆ. ‘ನನ್ನ ಕಸುಬು ಹೋಯಿತು, ನನ್ನಲ್ಲಿ ಇನ್ನೇನೂ ಇಲ್ಲ’ ಎನ್ನುವವನಿಗೆ ಸಮಾಧಾನ.

ಒಂದು ಪ್ರಯೋಗ

ವಾಚಕರು ಈ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಹಾಳೆಯ ಮೇಲೆ ಐದು ಮೂಲೆಗಳ ನಕ್ಷತ್ರವನ್ನು ಜೋಡುಗೆರೆಯಲ್ಲಿ ಬರೆಯಿರಿ. ಗೆರೆಗಳ ನಡುವಣ ಅಂತರ ಅರ್ಧ ಸೆಂಟಿಮೀಟರಿನಷ್ಟಿರಲಿ. ಹಾಳೆಯ ಆಚೆಗೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಕೈಯೂ ಹಾಳೆಯೂ ನೇರವಾಗಿ ಕಾಣದಂತೆ ಒಂದು ಪುಸ್ತಕವನ್ನು ಅಡ್ಡ ಹಿಡಿಯಲು ಗೆಳೆಯನಿಗೆ ಹೇಳಿ. ಕನ್ನಡಿಯಲ್ಲಿ ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲನ್ನು ಎಡಗೈಯಿಂದ ಒಮ್ಮೆ ಸುತ್ತಿಸಿ, ತೆಗೆದುಕೊಂಡ ಕಾಲವನ್ನೂ ಗೆರೆ ದಾಟಿದ ಸಲಗಳನ್ನೂ ಬರೆದಿಡಿ. ಅನಂತರ ಬಲಗೈಯಿಂದ ಹತ್ತು ಸಲ ಅಭ್ಯಾಸ ಮಾಡಿ. ಕೊನೆಗೆ ಮತ್ತೊಮ್ಮೆ ಎಡಗೈಯಿಂದ ಪ್ರಯತ್ನಿಸಿ.

ಎಡಗೈಗೆ ನಡುವೆ ಯಾವ ಅಭ್ಯಾಸವೂ ಇಲ್ಲದಿದ್ದರೂ ಅದು ಮೊದಲಿಗಿಂತ ಬೇಗ, ಕಡಿಮೆ ತಪ್ಪುಗಳಿಂದ ಸುತ್ತುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಏಕೆಂದರೆ ಬಲಗೈಯು ಕಲಿತ ಪಾಠವೆಲ್ಲ ಬಲಗೈಯ ಸ್ನಾಯುಗಳಲ್ಲಿಯೇ ಇರಲಿಲ್ಲ; ‘ಕನ್ನಡಿಯಲ್ಲಿ ಹಿಂದಕ್ಕೆ ಕಂಡುದು ಮುಂದಕ್ಕೆ’ ಎಂಬ ತಿಳಿವಳಿಕೆಯೂ, ಅವಸರಪಡದೆ ಮೂಲೆಯಲ್ಲಿ ನಿಲ್ಲುವ ಜಾಣ್ಮೆಯೂ ಅದರಲ್ಲಿ ಸೇರಿದ್ದುವು. ಇವು ಎರಡು ಕೈಗಳಿಗೂ ಸಮಾನವಾದ ಅಂಶಗಳು. ವೃತ್ತಿಯ ಬದಲಾವಣೆಯೂ ಒಂದರ್ಥದಲ್ಲಿ ಕೈ ಬದಲಿಸಿದಂತೆಯೇ.

ಎರಡು ಪದ್ಧತಿಗಳ ಗವಾಯಿಗಳು

ಇದಕ್ಕೆ ಗದಗಿನಲ್ಲಿಯೇ ಒಂದು ಉಜ್ಜ್ವಲ ನಿದರ್ಶನವಿದೆ. ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಮೊದಲು ಕರ್ನಾಟಕ ಸಂಗೀತವನ್ನೂ ಬಳಿಕ ಹಿಂದುಸ್ತಾನಿ ಸಂಗೀತವನ್ನೂ ಸಾಧಿಸಿದರು. ಶ್ರುತಿ, ಲಯ, ಸಪ್ತಸ್ವರಗಳ ಜ್ಞಾನ ಎರಡು ಪದ್ಧತಿಗಳಿಗೂ ಸಮಾನ. ಆದರೆ ಗಮಕದ ರೀತಿ, ತಾಳದ ಎಣಿಕೆ, ಕೃತಿಯನ್ನು ಹಾಡುವ ಕ್ರಮಕ್ಕೂ ಖ್ಯಾಲನ್ನು ವಿಸ್ತರಿಸುವ ಕ್ರಮಕ್ಕೂ ಇರುವ ಅಂತರ ಇವೆಲ್ಲ ಹೊಸದಾಗಿ ಕಲಿಯಬೇಕಾದವು. ಸಮಾನಾಂಶದ ಬಲದಿಂದ ಅವರು ಎರಡನೆಯದನ್ನು ಆರಂಭದಿಂದ ತೊಡಗಬೇಕಾಗಲಿಲ್ಲ; ಭಿನ್ನಾಂಶದ ಕಾರಣದಿಂದ ಎರಡನೆಯದಕ್ಕೂ ವರ್ಷಗಟ್ಟಲೆ ಸಾಧನೆ ತಪ್ಪಲಿಲ್ಲ.

ಅವರ ತರುವಾಯ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಕೂಡ ದೃಷ್ಟಿಯಿಲ್ಲದವರೇ. ಅವರು ಗಾಯನದೊಡನೆ ಅನೇಕ ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಈ ಆಶ್ರಮದ ನಿಜವಾದ ಮಹತ್ತ್ವ ಇನ್ನೊಂದು ಕಡೆ ಇದೆ. ಕಣ್ಣಿಲ್ಲದ ಮಗುವಿಗೆ ಸಮಾಜವು ಕೊಡುತ್ತಿದ್ದ ವೃತ್ತಿ ಭಿಕ್ಷೆಯೊಂದೇ ಆಗಿದ್ದ ಕಾಲದಲ್ಲಿ, ಆ ಮಗುವಿನಲ್ಲಿ ಉಳಿದಿರುವ ಅಂಶಗಳಾವುವು, ಅವು ಯಾವ ಕೆಲಸಕ್ಕೆ ಸಲ್ಲುತ್ತವೆ ಎಂದು ಕೇಳಿ ಅದಕ್ಕೆ ಅನ್ನ, ವಿದ್ಯೆ, ಗೌರವ ಮೂರನ್ನೂ ಒದಗಿಸಿದ ಸಂಸ್ಥೆಯಿದು. ಇಲ್ಲದ ಅಂಶವನ್ನು ಎಣಿಸದೆ ಇರುವ ಅಂಶವನ್ನು ಎಣಿಸಿದುದೇ ಅದರ ಯಶಸ್ಸಿನ ಕೀಲಿಕೈ.

ಮೋಟಾರಿನಿಂದ ಗಾಳಿಯಂತ್ರಕ್ಕೆ

ಯಂತ್ರಗಳ ಲೋಕದಿಂದಲೂ ಒಂದು ಉದಾಹರಣೆಯನ್ನು ನೋಡೋಣ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ಈ ಭಾಗದವರೆಲ್ಲ ಕಂಡಿರುತ್ತಾರೆ. ಕೆಳಗಿನ ಪೇಟೆಗಳಲ್ಲಿ ಪಂಪುಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಗಳಿವೆ. ಈ ಅಂಗಡಿಯ ಕೆಲಸಗಾರನಿಗೂ ಗುಡ್ಡದ ಮೇಲಿನ ಯಂತ್ರಕ್ಕೂ ಏನು ಸಂಬಂಧ?

ಪಂಪುಸೆಟ್ಟಿನಲ್ಲಿರುವುದು ಇಂಡಕ್ಷನ್ ಮೋಟಾರು. ನಾಲ್ಕು ಧ್ರುವಗಳ ಇಂಥ ಮೋಟಾರಿಗೆ ನಮ್ಮ 50 ಹರ್ಟ್ಸ್ ವಿದ್ಯುತ್ತನ್ನು ಕೊಟ್ಟಾಗ ಅದರೊಳಗಿನ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತುಗಳಂತೆ ತಿರುಗುತ್ತದೆ. ರೋಟರು ಅದಕ್ಕಿಂತ ತುಸು ನಿಧಾನವಾಗಿ ಹಿಂಬಾಲಿಸುತ್ತದೆ. ಆದರೆ ಹೊರಗಿನ ಬಲದಿಂದ ಅದೇ ರೋಟರನ್ನು 1500ಕ್ಕಿಂತ ತುಸು ವೇಗವಾಗಿ ತಿರುಗಿಸಿದರೆ, ವಿದ್ಯುಜ್ಜಾಲಕ್ಕೆ ಜೋಡಿಸಿದ ಆ ಯಂತ್ರವು ವಿದ್ಯುತ್ತನ್ನು ತೆಗೆದುಕೊಳ್ಳುವ ಬದಲು ಕೊಡಲಾರಂಭಿಸುತ್ತದೆ. ಅನೇಕ ಗಾಳಿಯಂತ್ರಗಳಲ್ಲಿ ಕೆಲಸ ಮಾಡುವುದು ಈ ತತ್ತ್ವವೇ: ನಿಧಾನವಾಗಿ ತಿರುಗುವ ರೆಕ್ಕೆಗಳ ವೇಗವನ್ನು ಗೇರುಪೆಟ್ಟಿಗೆಯು ಹೆಚ್ಚಿಸಿ ಇಂಡಕ್ಷನ್ ಜನರೇಟರಿಗೆ ಒಪ್ಪಿಸುತ್ತದೆ. ಆದುದರಿಂದ ತಂತಿಯ ಸುರುಳಿ, ನಿರೋಧಕ ಪದರ, ಬೇರಿಂಗಿನ ಸಪ್ಪಳ, ಕಾವೇರಿದ ಯಂತ್ರದ ವಾಸನೆ ಇವುಗಳನ್ನು ಬಲ್ಲವನು ಗಾಳಿಯಂತ್ರದ ವಿದ್ಯೆಯಲ್ಲಿ ಒಂದು ದೊಡ್ಡ ಪಾಲನ್ನು ಆಗಲೇ ಬಲ್ಲವನಾಗಿರುತ್ತಾನೆ. ಎತ್ತರದಲ್ಲಿ ಸುರಕ್ಷಿತವಾಗಿ ದುಡಿಯುವ ಕ್ರಮ, ಗಣಕ ನಿಯಂತ್ರಣ, ಲೆಕ್ಕಪತ್ರಗಳ ಭಾಷೆ ಇವು ಅವನು ಕಲಿಯಬೇಕಾದ ಉಳಿದ ಪಾಲು. ಸುತ್ತುವುದನ್ನು ಮಾತ್ರ ಕಲಿತು, ಏಕೆ ತಿರುಗುವುದೆಂಬುದನ್ನು ಕಲಿಯದವನಿಗೆ ಈ ಸೇತುವೆ ಕಾಣುವುದೇ ಇಲ್ಲ. ತತ್ತ್ವವನ್ನು ತಿಳಿದು ಕಲಿತರೆ ವರ್ಗಾವಣೆ ಹೆಚ್ಚುವುದೆಂಬ ಮಾತಿನ ಅರ್ಥವಿದು.

ಹಳೆಯ ಅಭ್ಯಾಸವೇ ಅಡ್ಡಿಯಾಗುವ ಬಗೆ

ಹಳೆಯ ಕಲಿಕೆಯು ಯಾವಾಗಲೂ ನೆರವಾಗುವುದೆಂದು ತಿಳಿಯಬಾರದು. ಕೆಲವೊಮ್ಮೆ ಅದು ಎದುರಾಳಿಯೂ ಆಗುತ್ತದೆ. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿ ಯೋಜನೆಯ ನೀರು ಹರಿಯುತ್ತದೆ. ಮಳೆಯನ್ನೇ ನಂಬಿದ ಎರೆಭೂಮಿಯ ಬೇಸಾಯದಲ್ಲಿ ರೈತನ ಜಾಣ್ಮೆಯೆಲ್ಲ ತೇವವನ್ನು ಹಿಡಿದಿಡುವುದರಲ್ಲಿದೆ; ಬಿದ್ದ ಒಂದು ಹನಿಯೂ ಹೊಲ ಬಿಟ್ಟು ಹೋಗಬಾರದು. ನೀರಾವರಿ ಬಂದಾಗ ಅದೇ ಎರೆಮಣ್ಣಿನಲ್ಲಿ ಜಾಣ್ಮೆಯು ವಿರುದ್ಧ ದಿಕ್ಕಿಗೆ ತಿರುಗಬೇಕಾಗುತ್ತದೆ: ಹೆಚ್ಚಿನ ನೀರು ಬಸಿದುಹೋಗಬೇಕು. ಇಲ್ಲವಾದರೆ ಜೌಗು ಏರ್ಪಟ್ಟು, ಕೆಳಗಿನ ಲವಣಗಳು ನೀರಿನೊಡನೆ ಮೇಲೇರಿ, ನೀರು ಆವಿಯಾದ ಬಳಿಕ ಮಣ್ಣಿನ ಮೇಲೆ ಬಿಳಿಯ ಪೊರೆಯಾಗಿ ನಿಲ್ಲುತ್ತವೆ. ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟುಗಳ ಎಷ್ಟೋ ಎರೆಹೊಲಗಳು ಹೀಗೆ ಸವುಳಾದುವು. ರೈತನು ಸೋಮಾರಿಯಾದುದರಿಂದ ಹೀಗಾಗಲಿಲ್ಲ. ಹಿಂದೆ ಹೊಟ್ಟೆ ಹೊರೆದಿದ್ದ ‘ನೀರು ಬಿಡಬೇಡ’ ಎಂಬ ಪಾಠವೇ ಇಲ್ಲಿ ತೊಡಕಾಯಿತು. ಇಂಥದನ್ನು ‘ಋಣಾತ್ಮಕ ವರ್ಗಾವಣೆ’ ಎನ್ನುತ್ತಾರೆ. ಆದಕಾರಣ ಹೊಸ ಕೆಲಸಕ್ಕೆ ಹೋಗುವವನು ‘ಏನನ್ನು ಕೊಂಡೊಯ್ಯಬೇಕು’ ಎಂಬುದರೊಡನೆ ‘ಏನನ್ನು ಬಿಟ್ಟುಹೋಗಬೇಕು’ ಎಂದೂ ಕೇಳಿಕೊಳ್ಳಬೇಕು.

ಏರದೆ ನಿಂತ ಕಾಲ

ಹೊಸ ಕೆಲಸವನ್ನು ಹಿಡಿದವರಲ್ಲಿ ಹಲವರು ಮಧ್ಯದಲ್ಲಿಯೇ ಕೈಬಿಡುವುದುಂಟು. ಇದಕ್ಕೆ ಸಂಬಂಧಿಸಿದ ಒಂದು ಹಳೆಯ ಸಂಶೋಧನೆ ಸ್ಮರಣೀಯವಾದುದು. ಅಮೆರಿಕೆಯ ಬ್ರಯಾನ್ ಮತ್ತು ಹಾರ್ಟರ್ ಎಂಬವರು 1897 ಮತ್ತು 1899ರಲ್ಲಿ ತಂತಿ ಕಚೇರಿಯ ಕೆಲಸಗಾರರ ಕಲಿಕೆಯನ್ನು ಅಳೆದು ನಕ್ಷೆ ಬರೆದರು. ಮೋರ್ಸ್ ಸಂಕೇತಗಳನ್ನು ಕೇಳಿ ಬರೆದುಕೊಳ್ಳುವ ವೇಗವು ಮೊದಲು ಏರುತ್ತ ಹೋಗಿ, ಬಳಿಕ ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು, ಅನಂತರ ಮತ್ತೆ ಏರಿದುದು ಕಂಡುಬಂದಿತು. ಈ ಸಮತಲವಾದ ಭಾಗಕ್ಕೆ ‘ಕಲಿಕೆಯ ಪ್ರಸ್ಥಭೂಮಿ’ ಎಂಬ ಹೆಸರು ಬಂದಿದೆ. ಮೊದಲು ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದ ಕಿವಿಯು ಪದಗಳನ್ನೂ ಪದಸಮೂಹಗಳನ್ನೂ ಇಡಿಯಾಗಿ ಹಿಡಿಯಲು ಸಿದ್ಧವಾಗುತ್ತಿದ್ದ ಕಾಲವದೆಂದು ಅವರು ವಿವರಿಸಿದರು. ಎಲ್ಲ ಬಗೆಯ ಕಲಿಕೆಯಲ್ಲಿಯೂ ಪ್ರಸ್ಥಭೂಮಿ ಬಂದೇ ತೀರುವುದೆಂದು ಮುಂದಿನವರು ಒಪ್ಪಿಲ್ಲ. ಆದರೆ ಪ್ರಗತಿ ಕಾಣದ ದಿನಗಳೆಲ್ಲ ವ್ಯರ್ಥ ದಿನಗಳಲ್ಲವೆಂಬ ಮಾತು ಉಪಯುಕ್ತವಾದುದು.

ವಯಸ್ಸಾದ ಮೇಲೆ ಕಲಿಕೆ ಅಸಾಧ್ಯವೆಂಬ ಮಾತಿಗೂ ಆಧಾರ ಸಾಲದು. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅದಕ್ಕೆ ಮೂರು ನಾಲ್ಕು ವರ್ಷಗಳೇ ಹಿಡಿಯುತ್ತವೆ. ಅಭ್ಯರ್ಥಿಗಳ ಮೆದುಳನ್ನು ಕಲಿಕೆಯ ಮುನ್ನ ಹಾಗೂ ಅನಂತರ ಚಿತ್ರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಬೂದುದ್ರವ್ಯವು ಹೆಚ್ಚಿದುದು ತೋರಿಬಂದಿತು. ತೇರ್ಗಡೆಯಾಗದವರಲ್ಲಿ ಆ ಹೆಚ್ಚಳವಿರಲಿಲ್ಲ. ಇವರೆಲ್ಲ ವಯಸ್ಕರೇ ಎಂಬುದನ್ನು ನೆನಪಿಡಬೇಕು.

ಬದಲಾವಣೆಯ ಖರ್ಚು

ಪ್ರಸ್ಥಭೂಮಿಯಲ್ಲಿ ಕಾಯುವುದೆಂದರೆ ಆ ಕಾಲದಲ್ಲಿ ಮನೆಯ ಖರ್ಚು ನಡೆಯಬೇಕು. ಹಳೆಯ ಗಳಿಕೆ ನಿಂತು ಹೊಸ ಗಳಿಕೆ ಆರಂಭವಾಗುವವರೆಗಿನ ತಿಂಗಳುಗಳನ್ನು ದಾಟಿಸುವ ಹಣವಿಲ್ಲದವನಿಗೆ ಮನಶ್ಶಾಸ್ತ್ರದ ಯಾವ ಸಮಾಧಾನವೂ ಸಾಲದು. ಮಳೆ ಕೈಕೊಟ್ಟ ವರ್ಷ ಗುಳೇ ಹೋಗುವವರೂ ಕೆಲಸ ಬದಲಿಸುವವರೇ. ಆದರೆ ಅದು ಆಯ್ಕೆಯಲ್ಲ. ಹೊಲದಲ್ಲಿ ನಿಪುಣನಾದವನು ದೂರದ ಊರಿನಲ್ಲಿ ಕಲ್ಲು ಮಣ್ಣು ಹೊರುವಾಗ ಅವನ ವಿದ್ಯೆಯ ಅಂಶಗಳನ್ನು ಕೇಳುವವರೇ ಇರುವುದಿಲ್ಲ.

ಈ ಸಂಕಷ್ಟಕ್ಕೆ ಹಿಂದೆಯೇ ಉಪಾಯವನ್ನು ಹುಡುಕಿದ ಊರೊಂದು ಗದಗಿನ ಹತ್ತಿರದಲ್ಲಿಯೇ ಇದೆ. 1904ರ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ಭಾರತದಲ್ಲಿಯೇ ಅಂಥವುಗಳಲ್ಲಿ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಒಬ್ಬೊಬ್ಬರಾಗಿ ಸಾಲಿಗನ ಬಾಗಿಲಿಗೆ ಹೋಗುತ್ತಿದ್ದವರು ಒಟ್ಟಾಗಿ ಒಬ್ಬರಿಗೊಬ್ಬರು ಹೊಣೆಯಾಗುವುದು ಇಂಥ ಸಂಘದ ತಿರುಳು. ವೃತ್ತಿಯ ಬದಲಾವಣೆಗೆ ಕೌಶಲದಷ್ಟೇ ಕಾಲಾವಕಾಶವೂ ಬೇಕು. ಆ ಅವಕಾಶವನ್ನು ಕೊಳ್ಳುವುದು ಉಳಿತಾಯದಿಂದ, ಇಲ್ಲವೆ ಪರಸ್ಪರ ನೆರವಿನಿಂದ.

ಬಂಡವಾಳವನ್ನು ಹೂಡಿ ವೃತ್ತಿ ಬದಲಿಸಿದವರಲ್ಲಿ ಗದಗಿನ ವಿಜಯ ಸಂಕೇಶ್ವರರ ಹೆಸರು ಸುಪ್ರಸಿದ್ಧ. ಮುದ್ರಣ ಮತ್ತು ಪ್ರಕಾಶನದ ಮನೆತನದಲ್ಲಿ ಹುಟ್ಟಿದ ಅವರು 1976ರಲ್ಲಿ ಒಂದೇ ಲಾರಿಯಿಂದ ಸಾಗಾಟದ ಉದ್ಯಮಕ್ಕೆ ಕೈಹಾಕಿ, ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ಅದನ್ನು ಬೃಹತ್ತಾಗಿ ಬೆಳೆಸಿದರು. 1999ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿ, ಅದನ್ನು ಮಾರಿದ ಬಳಿಕ 2012ರಲ್ಲಿ ‘ವಿಜಯವಾಣಿ’ಯನ್ನು ಹೊರಡಿಸಿದರು. ದಿನಪತ್ರಿಕೆಯೆಂದರೆ ಒಂದು ಕಡೆ ಅಚ್ಚಿನ ಕೆಲಸ, ಮತ್ತೊಂದು ಕಡೆ ಬೆಳಗಾಗುವುದರೊಳಗೆ ಊರೂರಿಗೆ ಸರಕು ಮುಟ್ಟಿಸುವ ಕೆಲಸ. ಅವರ ಹಿಂದಿನ ಎರಡು ವೃತ್ತಿಗಳ ಅಂಶಗಳೂ ಇಲ್ಲಿ ಕೂಡಿಬಂದುದನ್ನು ಗಮನಿಸಬಹುದು. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಅವಸರದ ತೀರ್ಮಾನಕ್ಕೆ ಬರಬಾರದು. ಒಂದು ಲಾರಿ ಕೊಂಡು ಗೆದ್ದವರ ಕಥೆ ಪುಸ್ತಕವಾಗುತ್ತದೆ. ಕೊಂಡು ಸೋತವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಗೆದ್ದವರನ್ನು ಮಾತ್ರ ನೋಡಿ ನಿಯಮ ಕಟ್ಟುವುದು ದೋಷಯುಕ್ತ ತರ್ಕ.

ತೃಪ್ತಿ ಎಲ್ಲಿದೆ?

ಇನ್ನು ಮನಸ್ಸಿನ ತೃಪ್ತಿಯ ವಿಚಾರ. ಹರ್ಜ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕೆಯ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಮಂದಿ ಇಂಜಿನಿಯರು ಹಾಗೂ ಲೆಕ್ಕಿಗರನ್ನು ವಿಚಾರಿಸಿ 1959ರಲ್ಲಿ ಒಂದು ವಿಚಿತ್ರ ಫಲಿತವನ್ನು ಪ್ರಕಟಿಸಿದರು. ಕಡಿಮೆ ಸಂಬಳ, ಕೆಟ್ಟ ಮೇಲಾಳು, ಅರ್ಥವಿಲ್ಲದ ನಿಯಮಗಳು ಬೇಸರವನ್ನು ಹುಟ್ಟಿಸುತ್ತವೆ. ಅವುಗಳನ್ನು ಸರಿಪಡಿಸಿದರೆ ಬೇಸರ ತಗ್ಗುತ್ತದೆ, ಆದರೆ ಅಷ್ಟರಿಂದಲೇ ಸಂತೋಷ ಹುಟ್ಟುವುದಿಲ್ಲ. ಸಂತೋಷವು ಸಾಧನೆಯಿಂದ, ಹೊಣೆಯಿಂದ, ಕೆಲಸದ ಸ್ವರೂಪದಿಂದಲೇ ಬರುತ್ತದೆ. ಗೆಲುವನ್ನು ತನ್ನದೆಂದೂ ಸೋಲನ್ನು ಪರಿಸ್ಥಿತಿಯದೆಂದೂ ಹೇಳುವುದು ಮನುಷ್ಯಸ್ವಭಾವವಾದುದರಿಂದ ಈ ಫಲಿತವನ್ನು ಪೂರ್ತಿಯಾಗಿ ನಂಬಲಾಗದೆಂದು ಟೀಕಿಸಿದವರೂ ಇದ್ದಾರೆ.

ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಇವರು 1976ರಲ್ಲಿ ಇನ್ನೂ ನಿಖರವಾಗಿ ಐದು ಗುಣಗಳನ್ನು ಹೆಸರಿಸಿದರು: ಕೆಲಸದಲ್ಲಿ ಹಲವು ಬಗೆಯ ಕೌಶಲಕ್ಕೆ ಎಡೆಯಿರುವುದು, ಆರಂಭದಿಂದ ಅಂತ್ಯದವರೆಗೆ ಅದು ಒಂದು ಇಡಿಯಾದ ವಸ್ತುವಾಗಿರುವುದು, ಇತರರ ಬಾಳಿಗೆ ಅದರಿಂದ ಪ್ರಯೋಜನವಿರುವುದು, ಮಾಡುವ ರೀತಿಯಲ್ಲಿ ಸ್ವಾತಂತ್ರ್ಯವಿರುವುದು, ಮತ್ತು ಮಾಡಿದ್ದು ಸರಿಯೇ ತಪ್ಪೇ ಎಂಬುದು ಕೆಲಸದಿಂದಲೇ ತಿಳಿಯುವುದು.

ಈ ಐದನ್ನು ಹಿಡಿದು ಬೆಟಗೇರಿಯ ಕೈಮಗ್ಗವನ್ನು ನೋಡಿದರೆ, ಬಡತನವಿದ್ದರೂ ನೇಕಾರರು ಅದನ್ನು ಬಿಡಲು ಏಕೆ ಮರುಗುತ್ತಿದ್ದರೆಂಬುದು ತಿಳಿಯುತ್ತದೆ. ಹಾಸು ಹೂಡುವುದರಿಂದ ಸೀರೆಯನ್ನು ಮಡಿಸುವವರೆಗೆ ಕೆಲಸ ಇಡಿಯಾಗಿತ್ತು. ಎಳೆ ತಪ್ಪಿದರೆ ಕಣ್ಣೆದುರಿಗೇ ಕಾಣುತ್ತಿತ್ತು. ಎದ್ದು ನಿಲ್ಲುವ ಹೊತ್ತು ಅವರದೇ ಆಗಿತ್ತು. ವಿದ್ಯುತ್ ಮಗ್ಗದ ಶಾಲೆಯಲ್ಲಿ ಹಲವು ಮಗ್ಗಗಳನ್ನು ಒಮ್ಮೆಗೆ ಕಾಯುವವನಿಗೆ ಬಟ್ಟೆ ಹೆಚ್ಚು ಸಿಕ್ಕುತ್ತದೆ, ಆದರೆ ಆ ಐದರಲ್ಲಿ ಕೆಲವು ಕುಂದುತ್ತವೆ. ಇದರಿಂದ ಹಳೆಯದೇ ಲೇಸೆಂದು ಹೇಳಿದಂತಾಗಲಿಲ್ಲ. ಗುಣಗಳೆಲ್ಲ ಇದ್ದೂ ಹೊಟ್ಟೆ ತುಂಬದ ಕೆಲಸವನ್ನು ಯಾರಿಗೂ ಉಪದೇಶಿಸಲಾಗದು. ಬದಲಾಗುವಾಗ ಯಾವುದನ್ನು ಕಳೆದುಕೊಳ್ಳುತ್ತೇವೆಂದು ತಿಳಿದಿದ್ದರೆ ಅದನ್ನು ಹೊಸ ಕೆಲಸದಲ್ಲಿ ಬೇರೆ ದಾರಿಯಿಂದ ಪಡೆಯಲು ಯತ್ನಿಸಬಹುದು ಎಂಬುದಷ್ಟೇ ತಾತ್ಪರ್ಯ.

ಹಾಗೆ ಪಡೆದವರೂ ಉಂಟು. ಅಮೆರಿಕೆಯ ಆಸ್ಪತ್ರೆಯೊಂದರ ಕಸಗುಡಿಸುವವರನ್ನು ಕುರಿತ ಅಧ್ಯಯನವೊಂದನ್ನು ರೆಸ್ನೆಸ್ಕಿ ಮತ್ತು ಡಟನ್ ಎಂಬ ವಿದುಷಿಯರು 2001ರ ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ಒಂದೇ ಕೆಲಸ, ಒಂದೇ ಸಂಬಳವಿದ್ದರೂ ಕೆಲವರು ಅದನ್ನು ಕೇವಲ ಕಸ ತೆಗೆಯುವುದೆಂದು ಭಾವಿಸಿದ್ದರು. ಕೆಲವರು ರೋಗಿಗಳ ಆರೈಕೆಯ ಒಂದು ಭಾಗವೆಂದು ಭಾವಿಸಿ, ರೋಗಿಗಳೊಡನೆಯೂ ಬಂಧುಗಳೊಡನೆಯೂ ಮಾತನಾಡುತ್ತ ತಮ್ಮ ಕೆಲಸವನ್ನು ತಾವೇ ಹಿಗ್ಗಿಸಿಕೊಂಡಿದ್ದರು. ತೃಪ್ತಿ ಹೆಚ್ಚಾಗಿದ್ದುದು ಈ ಎರಡನೆಯವರಲ್ಲಿ. ಆದುದರಿಂದ ಕೆಲಸದ ಹೆಸರನ್ನು ಬದಲಿಸುವ ಮೊದಲು, ಇರುವ ಕೆಲಸದ ಅಂಚನ್ನು ತುಸು ಸರಿಸಿ ನೋಡುವುದೂ ಒಂದು ಮಾರ್ಗ.

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಕಲಿಯುವಾಗ ಪ್ರತಿಯೊಂದು ವಿದ್ಯೆಯ ಹಿಂದಿನ ಕಾರಣವನ್ನು ಕೇಳಿರಿ. ಕಾರಣವೇ ಬಹುದೂರ ಬರುವ ಬುತ್ತಿ. ಎರಡನೆಯದಾಗಿ, ಮನಸ್ಸಿನಲ್ಲಿರುವ ಹೊಸ ಕೆಲಸಕ್ಕೂ ಈಗಿನ ಕಲಿಕೆಗೂ ಸಮಾನವಾದ ಅಂಶಗಳಾವುವು, ಹೊಸದಾಗಿ ಕಲಿಯಬೇಕಾದವಾವುವು, ಬಿಡಬೇಕಾದ ಅಭ್ಯಾಸಗಳಾವುವು ಎಂದು ಮೂರು ಸಾಲುಗಳಲ್ಲಿ ಬರೆಯಿರಿ. ಮೂರನೆಯದಾಗಿ, ಹಳೆಯದನ್ನು ಬಿಡುವ ಮುನ್ನ ಹೊಸದನ್ನು ಸಣ್ಣ ಪ್ರಮಾಣದಲ್ಲಿ, ರಜೆಯ ದಿನಗಳಲ್ಲಿಯಾದರೂ ಮಾಡಿ ನೋಡಿರಿ. ಒಂದು ವಾರದ ಅನುಭವವು ಒಂದು ವರ್ಷದ ಕಲ್ಪನೆಗಿಂತ ಮೇಲು. ನಾಲ್ಕನೆಯದಾಗಿ, ಗಳಿಕೆಯಿಲ್ಲದೆ ಎಷ್ಟು ತಿಂಗಳು ನಡೆಯುವುದೆಂದು ಮನೆಯ ಹಿರಿಯರೊಡನೆ ಕುಳಿತು ಲೆಕ್ಕ ಹಾಕಿರಿ. ಐದನೆಯದಾಗಿ, ಕೆಲಸವನ್ನು ಅದರ ಹೆಸರಿನಿಂದಲ್ಲದೆ ಮೇಲೆ ಹೇಳಿದ ಐದು ಗುಣಗಳಿಂದ ಅಳೆಯಿರಿ.

ಹತ್ತನೆಯ ತರಗತಿಯ ಬಳಿಕ ಮಾಡುವ ಆಯ್ಕೆಯು ಮುಖ್ಯವಾದುದೇ. ಆದರೆ ಅದು ಬಾಳಿನ ಏಕೈಕ ಬಾಗಿಲಲ್ಲ. ಒಂದು ವೃತ್ತಿಗಾಗಿ ಚೆನ್ನಾಗಿ ಕಲಿತುದು ಬಹುಪಾಲು ಇನ್ನೊಂದರ ಪಾಯವಾಗುತ್ತದೆ. ಅರೆಬರೆಯಾಗಿ ಕಲಿತುದು ಮಾತ್ರ ಎಲ್ಲಿಯೂ ಸಲ್ಲುವುದಿಲ್ಲ.

ಅಭ್ಯಾಸ

1. ಕನ್ನಡಿಯ ಪ್ರಯೋಗವನ್ನು ಐವರು ಗೆಳೆಯರಿಂದ ಮಾಡಿಸಿ, ಎಡಗೈಯ ಮೊದಲ ಹಾಗೂ ಕೊನೆಯ ಪ್ರಯತ್ನಗಳ ಕಾಲವನ್ನು ಕೋಷ್ಟಕದಲ್ಲಿ ಬರೆಯಿರಿ. ಬಲಗೈಯ ಅಭ್ಯಾಸವಿಲ್ಲದೆ, ಎಡಗೈಯಿಂದ ಎರಡು ಸಲ ಮಾತ್ರ ಮಾಡಿದ ಬೇರೆ ಐವರೊಡನೆ ಏಕೆ ಹೋಲಿಸಬೇಕು?

2. ಪಂಪುಸೆಟ್ಟಿನ ಮೋಟಾರು ಯಾವ ಸ್ಥಿತಿಯಲ್ಲಿ ಜನರೇಟರಿನಂತೆ ವರ್ತಿಸುತ್ತದೆ? ಎರಡು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರದ ವೇಗ ನಿಮಿಷಕ್ಕೆ ಎಷ್ಟು?

3. ನಿಮ್ಮ ಓಣಿಯಲ್ಲಿ ಕಸುಬು ಬದಲಿಸಿದ ಒಬ್ಬ ಹಿರಿಯರನ್ನು ಕಂಡು, ಹಳೆಯ ಕಸುಬಿನ ಯಾವ ವಿದ್ಯೆ ಇಂದಿಗೂ ಕೈಹಿಡಿದಿದೆ, ಯಾವುದು ಅಡ್ಡಿಯಾಯಿತು, ಯಾವುದು ಇಲ್ಲವಾದುದರಿಂದ ಮನಸ್ಸಿಗೆ ಬೇಸರವಾಯಿತು ಎಂದು ವಿನಯದಿಂದ ಕೇಳಿ ಬರೆದುಕೊಳ್ಳಿರಿ.